ಕೋವಿಗೂ ಒಂದು ಗಡಿ ಬೇಕು

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದವನು ನಾನು. ಆದರೆ ಐವತ್ತು ವರ್ಷಗಳಿಗೂ ಹಿಂದೆ ನಾನೇ ಒಂದು ತಪ್ಪು ಮಾಡಿದ್ದೆ. ಅದು ತಪ್ಪೆಂದು ಆಗ ತಿಳಿದಿರಲಿಲ್ಲ. ತಿಳಿದ ಮೇಲೂ ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ಈಗ ಹೇಳಬೇಕಾದ ಸಂದರ್ಭ ಒದಗಿದೆ.

1974ರ ಆಗಸ್ಟ್ ತಿಂಗಳು. ನಾನಾಗ ವಿರಾಜಪೇಟೆಯ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ಬಿಟ್ಟೂಬಿಡದ ಮಳೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಕೊಡವರು, ಸೈನ್ಯದಿಂದ ನಿವೃತ್ತರಾದವರು, ಮಿತಭಾಷಿಗಳು. ನನ್ನ ಮೇಲೆ ಅವರಿಗೆ ಮನೆಯ ಮಗನ ಮೇಲಿನಷ್ಟೇ ವಿಶ್ವಾಸ. ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕೊಡವರು ತಮ್ಮ ಆಯುಧಗಳನ್ನೆಲ್ಲ ಒರೆಸಿ, ಸಾಲಾಗಿರಿಸಿ, ಕೋವಿಯ ನಳಿಗೆಗೆ ತೋಕ್ ಪೂ ಎಂಬ ಕೆಂಪು ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಅದಕ್ಕೆ ಮುನ್ನ ತಮ್ಮ ತಂದೆಯ ಕಾಲದ ರಿವಾಲ್ವರೊಂದನ್ನು ಮೈಸೂರಿನಲ್ಲಿ ದುರಸ್ತಿ ಮಾಡಿಸಬೇಕೆಂದು ಯಜಮಾನರ ಇಚ್ಛೆ. ಶನಿವಾರ ಮಧ್ಯಾಹ್ನ ನಾನೂ ಊರಿಗೆ ಹೊರಟಿದ್ದೆ. ಇಬ್ಬರೂ ಒಂದೇ ಬಸ್ಸು ಹತ್ತಿದೆವು.

ಗೋಣಿಕೊಪ್ಪಲಿನಲ್ಲಿ ಅವರಿಗೆ ಯಾರೋ ಪರಿಚಿತರು ಸಿಕ್ಕಿದರು. ಕಾಫಿ ಲೆಕ್ಕದ ಮಾತು, ಬೇಗ ಮುಗಿಯುವಂತಿರಲಿಲ್ಲ. "ಮೇಷ್ಟ್ರೇ, ನೀವು ಮುಂದೆ ಹೋಗಿರಿ, ನಾನು ಹಿಂದಿನ ಬಸ್ಸಿಗೆ ಬರುತ್ತೇನೆ. ಮಳೆಯಲ್ಲಿ ಇದನ್ನು ಹಿಡಿದುಕೊಂಡು ತಿರುಗುವುದು ಬೇಡ," ಎಂದು ಕ್ಯಾನ್ವಾಸ್ ಚೀಲವನ್ನು ನನ್ನ ಮಡಿಲಿಗಿಟ್ಟು ಇಳಿದುಹೋದರು. ಚೀಲದಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಆದರೂ ಒಂದು ಛತ್ರಿಯನ್ನು ಹಿಡಿದುಕೊಂಡಷ್ಟೇ ಸಹಜವಾಗಿ ಅದನ್ನು ಹಿಡಿದು ಕುಳಿತೆ.

ಕಾಡಿನ ನಡುವಿನ ಒಂದು ಗೇಟಿನಲ್ಲಿ ಬಸ್ಸು ನಿಂತಿತು. ಕಾವಲಿನವರು ಹತ್ತಿ ಒಬ್ಬೊಬ್ಬರ ಗಂಟುಮೂಟೆಗಳನ್ನು ಬಿಚ್ಚಿಸತೊಡಗಿದರು. ನನ್ನ ಮುಂದಿನ ಸೀಟಿನ ಮುದುಕಿಯ ಅಕ್ಕಿಯ ಚೀಲಕ್ಕೂ ಕೈಹಾಕಿ ನೋಡಿದರು. ನನ್ನ ಬಳಿ ಬಂದವರೊಬ್ಬರು ಮುಖ ನೋಡಿ, "ಓ, ಮೇಷ್ಟ್ರು," ಎಂದು ನಕ್ಕು ಮುಂದೆ ಹೋದರು. ಅಂದು ಸಂಜೆ ಮೈಸೂರಿನ ಬಸ್ ನಿಲ್ದಾಣದಲ್ಲಿ ಯಜಮಾನರಿಗೆ ಚೀಲ ಒಪ್ಪಿಸಿದೆ. ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಹಲವು ವರ್ಷಗಳ ನಂತರ, ಬೆಂಗಳೂರಿಗೆ ವರ್ಗವಾಗಿ ಬಂದ ಮೇಲೆ, ವಕೀಲ ಮಿತ್ರರೊಬ್ಬರ ಮನೆಯಲ್ಲಿ 1959ರ ಆಯುಧ ಕಾಯಿದೆಯ ಪುಸ್ತಕ ಕಣ್ಣಿಗೆ ಬಿತ್ತು. ಕುತೂಹಲಕ್ಕೆ ತೆರೆದವನು ಮೂರನೆಯ ಕಲಮನ್ನು ಓದಿ ಬೆವತುಹೋದೆ. ಪರವಾನಗಿ ಇಲ್ಲದವನು ಬಂದೂಕನ್ನು ಹೊಂದಿರುವುದೂ ಒಯ್ಯುವುದೂ ಅಪರಾಧ. ಒಂದು ರಿಯಾಯಿತಿ ಮಾತ್ರ ಉಂಟು: ಪರವಾನಗಿದಾರನ ಸಮ್ಮುಖದಲ್ಲಿ, ಇಲ್ಲವೇ ಅವನು ಬರೆದುಕೊಟ್ಟ ಒಪ್ಪಿಗೆಯೊಡನೆ, ದುರಸ್ತಿಯಂತಹ ಕೆಲಸಕ್ಕೆ ಇನ್ನೊಬ್ಬನು ಅದನ್ನು ಒಯ್ಯಬಹುದು. ನನ್ನೊಡನೆ ಯಜಮಾನರೂ ಇರಲಿಲ್ಲ, ಅವರ ಚೀಟಿಯೂ ಇರಲಿಲ್ಲ. ಇನ್ನೊಂದು ಸ್ವಾರಸ್ಯ ಕೇಳಿ. ಕೊಡವರಾದ ಅವರಿಗೆ ಪರವಾನಗಿಯ ಅಗತ್ಯವೇ ಇಲ್ಲದ್ದರಿಂದ ಅವರು ಪರವಾನಗಿದಾರರೂ ಆಗಿರಲಿಲ್ಲ! ಗೋಣಿಕೊಪ್ಪಲಿನವರೆಗೆ ಅವರ ಮಡಿಲಲ್ಲಿ ಪೂಜೆಯ ವಸ್ತುವಾಗಿದ್ದುದು ನನ್ನ ಮಡಿಲಿಗೆ ಬಂದೊಡನೆ ಸೆರೆಮನೆಗೆ ಕಳುಹಿಸಬಲ್ಲ ವಸ್ತುವಾಗಿತ್ತು. ಬಸ್ಸು ಅದೇ, ಸೀಟು ಅದೇ, ಚೀಲವೂ ಅದೇ.

ಕೊಡವರ ಈ ವಿನಾಯಿತಿಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ನಂತರ ಜನರ ಕೈಯಿಂದ ಆಯುಧ ಕಸಿಯುವ ಕಾನೂನು ಬಂದಾಗ, ಮೈಸೂರು ಮತ್ತು ಕೊಡಗುಗಳ ಆಡಳಿತ ನೋಡುತ್ತಿದ್ದ ಮಾರ್ಕ್ ಕಬ್ಬನ್ ಅವರು 1861ರಲ್ಲಿ ಕೊಡಗಿನ ಜನರಿಗೆ ಆ ಕಾನೂನು ಅನ್ವಯಿಸದೆಂದು ಘೋಷಿಸಿದರು. ನಿಷ್ಠೆಗೆ ದೊರೆತ ಬಹುಮಾನವದು. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ 2029ರ ಅಕ್ಟೋಬರ್ 31ರವರೆಗೆ ಅದನ್ನು ವಿಸ್ತರಿಸಿತು. ಜಾತಿ ಮತ್ತು ಭೂಮಿಯ ಆಧಾರದ ಮೇಲೆ ತಾರತಮ್ಯವಾಗುತ್ತದೆಂದು ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಈ ವಿನಾಯಿತಿಯಲ್ಲಿ ಅನೇಕರು ಗಮನಿಸದ ಒಂದು ಷರತ್ತಿದೆ. ಕೊಡಗು ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್ ಹಾಗೂ ಅದರ 100 ಗುಂಡು, ಒಂದು ನಯವಾದ ನಳಿಗೆಯ ಕೋವಿ ಹಾಗೂ ಅದರ 500 ತೋಟೆ ಅಥವಾ ಅಷ್ಟಕ್ಕೆ ಸಮನಾದ ಸೀಸದ ಚೆರೆ ಮತ್ತು ಮದ್ದು, ಇದಕ್ಕೆ ಮೀರಿ ಇರಕೂಡದು. ಪಿಸ್ತೂಲು, ರಿವಾಲ್ವರುಗಳ ಹೆಸರು ಆ ಷರತ್ತಿನ ಸಾಲಿನಲ್ಲಿಲ್ಲ. ಅಂದರೆ ಅಂದು ಗಡಿ ದಾಟಿದ ಮೇಲೆ ನಮ್ಮ ಯಜಮಾನರ ಹಕ್ಕೂ ಪ್ರಶ್ನಾತೀತವಾಗಿರಲಿಲ್ಲ. ಆ ಗಡಿಯಾದರೂ ಎಂಥದು? 1956ರ ನವೆಂಬರ್ 1ರಂದು ಮೈಸೂರಿನೊಡನೆ ವಿಲೀನವಾಗುವವರೆಗೆ ಕೊಡಗು ತನ್ನದೇ ಮುಖ್ಯಮಂತ್ರಿಯಿದ್ದ ಪ್ರತ್ಯೇಕ ರಾಜ್ಯ. ಅಂದಿನ ರಾಜ್ಯದ ಗಡಿ ಇಂದು ಬರಿಯ ಜಿಲ್ಲೆಯ ಗಡಿ. ನಕಾಶೆಯಲ್ಲಿ ಗೆರೆ ತೆಳುವಾಯಿತು, ಕೋವಿಯ ಪಾಲಿಗೆ ಮಾತ್ರ ಹಾಗೆಯೇ ಉಳಿಯಿತು.

ಕೊಡವರಲ್ಲದವರಿಗೂ ಈ ಗೆರೆಗಳು ತಪ್ಪಿದ್ದಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಆಯುಧಗಳು ಕೇಂದ್ರ ಪಟ್ಟಿಗೆ ಸೇರಿವೆ. ಆದ್ದರಿಂದ ದೇಶಕ್ಕೆಲ್ಲ ಒಂದೇ ಕಾಯಿದೆ. ಆದರೆ ಪರವಾನಗಿಯಲ್ಲಿ ಅದು ಸಲ್ಲುವ ಪ್ರದೇಶವನ್ನು ಬರೆದಿರುತ್ತಾರೆ: ಒಂದು ಜಿಲ್ಲೆ, ಒಂದು ರಾಜ್ಯ, ಕೆಲವರಿಗೆ ಇಡೀ ದೇಶ. ಬೆಂಗಳೂರಿನ ಪೊಲೀಸ್ ಕಮಿಷನರ್ ಕಚೇರಿಯಿಂದ ಕರ್ನಾಟಕಕ್ಕೆ ಮಾತ್ರ ಸಲ್ಲುವ ಪರವಾನಗಿ ಪಡೆದ ಬಿ.ಟಿ.ಎಂ. ಬಡಾವಣೆಯ ವ್ಯಾಪಾರಿಯೊಬ್ಬರು ರಿವಾಲ್ವರನ್ನು ಕಾರಿನಲ್ಲಿಟ್ಟು ಹೊರಟರೆನ್ನಿ. ಅತ್ತಿಬೆಲೆ ದಾಟಿ ಹೊಸೂರಿಗೆ ಕಾಲಿಟ್ಟೊಡನೆ ಅವರ ಪರವಾನಗಿ ಬರಿಯ ಕಾಗದ. ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದಾದ ದೂರವದು.

ನ್ಯೂಜೆರ್ಸಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ಕೇಳಿ, "ಸಾರ್, ಇಲ್ಲಿಯದು ಇನ್ನೂ ವಿಚಿತ್ರ," ಎಂದ. ಅಮೆರಿಕದಲ್ಲಿ ರಾಜ್ಯಕ್ಕೊಂದು ಬಂದೂಕಿನ ಕಾನೂನು. 2013ರಲ್ಲಿ ಫಿಲಡೆಲ್ಫಿಯಾದ ಮಹಿಳೆಯೊಬ್ಬಳು, ಪೆನ್ಸಿಲ್ವೇನಿಯಾದ ಅನುಮತಿಪತ್ರ ಹೊಂದಿದ್ದವಳು, ಕೈಬಂದೂಕಿನೊಡನೆ ನ್ಯೂಜೆರ್ಸಿಗೆ ಹೋದಳು. ಪೊಲೀಸರು ವಾಹನ ತಡೆದಾಗ ಬಂದೂಕಿರುವುದನ್ನು ತಾನಾಗಿಯೇ ತಿಳಿಸಿದಳು. ತನ್ನ ರಾಜ್ಯದ ಅನುಮತಿ ನದಿಯಾಚೆಗೆ ಸಲ್ಲದೆಂಬುದು ಅವಳಿಗೆ ತಿಳಿದಿರಲಿಲ್ಲ. ವರ್ಷಗಟ್ಟಲೆ ಜೈಲಿನ ಭಯದಲ್ಲಿ ಬದುಕಿದವಳಿಗೆ 2015ರಲ್ಲಿ ಅಲ್ಲಿನ ಗವರ್ನರ್ ಕ್ಷಮಾದಾನ ನೀಡಿದರು. ಇಲ್ಲೊಬ್ಬ ಮೇಷ್ಟ್ರು, ಅಲ್ಲೊಬ್ಬ ತಾಯಿ. ಇಬ್ಬರದೂ ದುರುದ್ದೇಶವಲ್ಲ. ನನ್ನನ್ನು ಕಾಪಾಡಿದ್ದು ಕಾವಲಿನವನ ಗೌರವ, ಅವಳಿಗೆ ಆ ಅದೃಷ್ಟವಿರಲಿಲ್ಲ, ಅಷ್ಟೇ.

ಇಷ್ಟನ್ನೂ ಈಗ ಬರೆಯಲು ಕಾರಣವಿದೆ. ನನ್ನ ಯಜಮಾನರ ಮಗ, ಎಂಟನೆಯ ತರಗತಿಯಲ್ಲಿ ನನ್ನ ಬಳಿ ಕನ್ನಡ ಕಲಿತ ಹುಡುಗ, ಈಗ ಅರವತ್ತು ದಾಟಿದ ಗೃಹಸ್ಥ. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಮಗ, ಸೊಸೆ, ಆರು ವರ್ಷದ ಮೊಮ್ಮಗನೊಡನೆ ಇದ್ದಾನೆ. ಬನಶಂಕರಿಯ ನನ್ನ ಮನೆಗೆ ತಿಂಗಳಿಗೊಮ್ಮೆಯಾದರೂ ಬರುತ್ತಾನೆ. ಹೋದ ಸಲ ಬಂದಾಗ, "ಸಾರ್, ಅಮ್ಮ ತೀರಿಕೊಂಡ ಮೇಲೆ ಅಪ್ಪನ ರಿವಾಲ್ವರನ್ನು ಇಲ್ಲಿಗೇ ತಂದುಬಿಟ್ಟೆ. ಬೀರುವಿನಲ್ಲಿಟ್ಟಿದ್ದೇನೆ. ನಮಗೇನು, ವಿನಾಯಿತಿ ಇದೆಯಲ್ಲ," ಎಂದ.

ಅದೇ ರಿವಾಲ್ವರ್! ನನ್ನ ಮಡಿಲಿನ ಮೇಲೆ ಮತ್ತೆ ಆ ಚೀಲದ ಭಾರ ಕುಳಿತಂತಾಯಿತು.

"ಅಲ್ಲಪ್ಪಾ, ಆ ಷರತ್ತಿನಲ್ಲಿ ರಿವಾಲ್ವರ್ ಇದೆಯೇ, ಓದಿದ್ದೀಯಾ?" ಎಂದು ಕೇಳಿದೆ. ಅವನು ಓದಿರಲಿಲ್ಲ. "ಕೊಡವನಿಗೆ ಕೋವಿ ಬೇಡವೆನ್ನುತ್ತೀರಾ ಸಾರ್? ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು ಗುಂಡು. ನಿಮಗೆ ತಿಳಿಯದ್ದೇನಲ್ಲ," ಎಂದ. ಅವನ ದನಿಯಲ್ಲಿ ನೋವಿತ್ತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ.

ಅವನ ಮಾತು ಸುಳ್ಳಲ್ಲ. ಐನ್‌ಮನೆಯಲ್ಲಿ ಕೋವಿಗೆ ಇರುವ ಮರ್ಯಾದೆಯನ್ನು ನಾನು ಕಣ್ಣಾರೆ ಕಂಡವನು. ಅಲ್ಲಿ ಹಿರಿಯರ ಕಣ್ಣು ಅದರ ಮೇಲಿರುತ್ತಿತ್ತು. ಯಾವಾಗ ಮುಟ್ಟಬೇಕು, ಯಾರು ಮುಟ್ಟಬೇಕು, ಎತ್ತ ಗುರಿಯಿಡಬೇಕು ಎಂಬುದನ್ನು ಯಾವ ಕಾಯಿದೆಯೂ ಹೇಳಿಕೊಡಬೇಕಿರಲಿಲ್ಲ. ಆಕಾಶಕ್ಕೆ ಹಾರಿಸಿದ ಗುಂಡಿನ ಸದ್ದು ಸಾವಿನ ಸುದ್ದಿಯನ್ನು ಗದ್ದೆಗಳಾಚೆಯ ಮನೆಗಳಿಗೆ ಮುಟ್ಟಿಸುತ್ತಿತ್ತು. ಜೆ.ಪಿ. ನಗರದ ಮೂರನೆಯ ಮಹಡಿಯಲ್ಲಿ ಆ ಸದ್ದು ಯಾರಿಗೆ ಏನನ್ನು ಹೇಳೀತು? ಅಲ್ಲಿ ಗೋಡೆಯಾಚೆ ಪಕ್ಕದ ಮನೆಯ ಮಗುವಿನ ತೊಟ್ಟಿಲಿದೆ. ಹಕ್ಕು ಅವನೊಡನೆ ಊರಿಂದ ಬಂದಿದೆ. ಆ ಹಕ್ಕನ್ನು ಹದ್ದಿನಲ್ಲಿಟ್ಟಿದ್ದ ಕಟ್ಟುಪಾಡು ಬಸ್ಸು ಹತ್ತಲಿಲ್ಲ.

ಇದಕ್ಕೆ ಪ್ರತಿವಾದವೂ ಉಂಟೆಂಬುದನ್ನು ಬಲ್ಲೆ. ಕೊಲೆಗಡುಕರು ಪರವಾನಗಿ ಕೇಳುತ್ತಾರೆಯೇ ಎನ್ನುತ್ತಾರೆ. ನಿಜ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಗುಂಡಿಟ್ಟು ಕೊಂದರು. ಎರಡೂ ಕೊಲೆಗಳಿಗೆ ಬಳಕೆಯಾದದ್ದು ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಕಳ್ಳ ಆಯುಧ ಯಾವ ಗೇಟಿನಲ್ಲೂ ನಿಲ್ಲುವುದಿಲ್ಲ. ಅದನ್ನು ಹಿಡಿಯುವುದು ಪೊಲೀಸರ ಕೆಲಸ. ಆದರೆ ಗೃಹಸ್ಥನ ಬೀರುವಿನಲ್ಲಿರುವ ರಿವಾಲ್ವರಿನ ಅಪಾಯ ಬೇರೆ ಬಗೆಯದು. ಅದರ ಎದುರಿಗೆ ಬರುವವನು ಕೊಲೆಗಡುಕನಲ್ಲ, ಆರು ವರ್ಷದ ಮೊಮ್ಮಗ.

2029ರಲ್ಲಿ ಈ ವಿನಾಯಿತಿ ಮತ್ತೆ ಚರ್ಚೆಗೆ ಬರಲಿದೆ. ಅದನ್ನು ಕಿತ್ತುಹಾಕಬೇಕೆಂದು ನಾನು ಹೇಳುವುದಿಲ್ಲ. ಸಂಪಾಜೆಯ ಗೇಟಿನ ಆಚೆಗಿರುವ ಸುಳ್ಯದ ಕೃಷಿಕ, ಬೆಳೆ ಕಾಯುವ ಕೋವಿಗೆ ಪರವಾನಗಿ ಪಡೆದು, ಅದನ್ನು ನವೀಕರಿಸಿ, ಚುನಾವಣೆ ಬಂದಾಗ ಠಾಣೆಯಲ್ಲಿಟ್ಟು ಬರುವ ಪಾಡನ್ನು ನೋಡಿದಾಗ ಅಸಮಾನತೆ ಕಣ್ಣಿಗೆ ಕಾಣುತ್ತದೆ. ಆದರೂ ಒಂದು ನೆಲದ ಆಚಾರಕ್ಕೆ ಕಾನೂನು ತಲೆಬಾಗುವುದರಲ್ಲಿ ಒಂದು ಸೌಜನ್ಯವಿದೆ. ನಾನು ಬೇಡುವುದು ಇಷ್ಟೇ: ಆ ಗೌರವ ಆ ನೆಲದಲ್ಲಿಯೇ ಇರಲಿ. ಕೋವಿ ಕೊಡಗಿನ ಐನ್‌ಮನೆಯಲ್ಲಿ ವಿನಾಯಿತಿಯೊಡನೆ ಇರಲಿ. ನಗರದ ಮನೆಗೆ ತರುವುದಾದರೆ ಎಲ್ಲರಂತೆ ಹತ್ತಿರದ ಠಾಣೆಯಲ್ಲಿ ದಾಖಲಾಗಲಿ. ಕೈಬಂದೂಕಿನ ವಿಷಯದಲ್ಲಿ ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಸ್ಪಷ್ಟವಾಗಿ ಬರೆಯಲಿ. ಈ ಮಾತು ಹೊರಗಿನವರಿಂದ ಬರುವುದಕ್ಕಿಂತ ಕೊಡವ ಹಿರಿಯರಿಂದಲೇ ಬಂದರೆ ಅದರ ಘನತೆ ಹೆಚ್ಚು. ಉಳಿದವರೂ ಪರವಾನಗಿಯಲ್ಲಿ ತಮ್ಮ ಭಾವಚಿತ್ರವನ್ನಷ್ಟೇ ನೋಡದೆ, ಅದು ಸಲ್ಲುವ ಪ್ರದೇಶ ಯಾವುದೆಂಬುದನ್ನೂ ಒಮ್ಮೆ ಓದಲಿ.

ಮೂರು ವಾರ ಅವನ ಸುಳಿವಿರಲಿಲ್ಲ. ಒಬ್ಬ ಹಳೆಯ ವಿದ್ಯಾರ್ಥಿಯನ್ನು ಮಾತಿನಿಂದ ಕಳೆದುಕೊಂಡೆನೇ ಎಂದು ಹಲವು ರಾತ್ರಿ ನಿದ್ದೆ ಬರಲಿಲ್ಲ. ನಿನ್ನೆ ಸಂಜೆ ದೂರವಾಣಿ ಕರೆ ಬಂತು.

"ಸಾರ್, ವಕೀಲರನ್ನು ಕೇಳಿದೆ. ನೀವು ಹೇಳಿದ ಅನುಮಾನವನ್ನೇ ಅವರೂ ಹೇಳಿದರು. ಮಡಿಕೇರಿಗೆ ಸರಿಯಾದ ಕ್ರಮದಲ್ಲಿ ಹಿಂದಕ್ಕೆ ಕಳುಹಿಸುವುದು ಹೇಗೆಂದು ಬರೆದು ಕೇಳುತ್ತಿದ್ದೇನೆ. ಈ ಸಲದ ಕೈಲ್ ಪೊಳ್ದ್‌ಗೆ ಮೊಮ್ಮಗನನ್ನೂ ಐನ್‌ಮನೆಗೆ ಕರೆದೊಯ್ಯುತ್ತೇನೆ. ಅವನು ಅದನ್ನು ಅಲ್ಲಿಯೇ ನೋಡಲಿ. ನೀವೂ ಬರಬೇಕು."

"ಬರುತ್ತೇನಪ್ಪಾ," ಎಂದೆ. "ಆದರೆ ಚೀಲ ಮಾತ್ರ ನನ್ನ ಕೈಗೆ ಕೊಡಬೇಡ."

ಅವನು ಜೋರಾಗಿ ನಕ್ಕ. ಈ ಕಥೆಯನ್ನು ಅವನಿಗೆ ಅವನ ತಂದೆ ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ನಾನೇ ಹೇಳಿದೆ.