ಸೋಯಾ ಹೊಲದ ಅಂಚಿನ ರ‍್ಯಾಪ್

ಬ್ರೆಜಿಲ್ ಎಂದರೆ ನಮ್ಮ ಪತ್ರಿಕೆಗಳಿಗೆ ಫುಟ್‌ಬಾಲು, ಸಾಂಬಾ ಕುಣಿತ, ಅಮೆಜಾನ್ ಕಾಡಿನ ಬೆಂಕಿ. ಆ ದೇಶದ ಪಶ್ಚಿಮಕ್ಕೆ, ಪರಗ್ವೆ ಗಡಿಗೆ ತಾಗಿಕೊಂಡು ಮಾತೊ ಗ್ರೊಸ್ಸೊ ದೊ ಸುಲ್ ಎಂಬ ರಾಜ್ಯವಿದೆ. ಅಲ್ಲಿ ಕಣ್ಣು ಹಾಯುವಷ್ಟು ದೂರ ಸೋಯಾ, ಕಬ್ಬು, ಮನುಷ್ಯರಿಗಿಂತ ಹೆಚ್ಚು ದನ. ಆ ರಾಜ್ಯದ ದೌರಾದೊಸ್ ಪಟ್ಟಣದ ಸೆರಗಿನಲ್ಲಿ ಗ್ವಾರಾನಿ ಕಯೊವಾ ಬುಡಕಟ್ಟಿನ ನಾಲ್ವರು ಹುಡುಗರು 2009ರಲ್ಲಿ ‘ಬ್ರೋ ಎಂಸೀಸ್’ ಎಂಬ ರ‍್ಯಾಪ್ ತಂಡ ಕಟ್ಟಿದರು. ಬ್ರೂನೊ, ಕ್ಲೆಮೆರ್ಸನ್ ಒಂದು ಮನೆಯ ಅಣ್ಣತಮ್ಮಂದಿರು. ಕೆಲ್ವಿನ್, ಚಾರ್ಲಿ ಇನ್ನೊಂದು ಮನೆಯವರು. ಬ್ರೆಜಿಲಿನ ಮೊದಲ ಆದಿವಾಸಿ ರ‍್ಯಾಪ್ ತಂಡ ಎಂಬ ಹೆಸರು ಇವರದು. ಹಾಡುವುದು ಗ್ವಾರಾನಿ ಮತ್ತು ಪೋರ್ಚುಗೀಸಿನಲ್ಲಿ, ಎಷ್ಟೋ ಸಲ ಒಂದೇ ಹಾಡಿನೊಳಗೆ ಎರಡರಲ್ಲೂ.

ರ‍್ಯಾಪಿಗೂ ಸಾಹಿತ್ಯ ಪತ್ರಿಕೆಗೂ ಏನು ಸಂಬಂಧ ಎಂದು ಹುಬ್ಬೇರಿಸುವವರು ನಮ್ಮ ಓದುಗರಲ್ಲಿ ಇದ್ದೇ ಇರುತ್ತಾರೆ. ಬ್ರೆಜಿಲಿನಲ್ಲಿ ಈ ತಕರಾರು ಹೆಚ್ಚುಕಡಿಮೆ ಇತ್ಯರ್ಥವಾಗಿದೆ. ಸಾವೊ ಪಾಲೊ ನಗರದ ಬಡಬಸ್ತಿಗಳಿಂದ 1988ರಲ್ಲಿ ಎದ್ದುಬಂದ ‘ರಾಸಿಯೊನಾಯ್ಸ್ ಎಂಸೀಸ್’ ತಂಡದ 1997ರ ಆಲ್ಬಮನ್ನು, ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲೊಂದಾದ ಉನಿಕಾಂಪ್ 2018ರಲ್ಲಿ ತನ್ನ ಪ್ರವೇಶ ಪರೀಕ್ಷೆಯ ಕಡ್ಡಾಯ ಓದಿನ ಪಟ್ಟಿಗೆ ಸೇರಿಸಿತು. ಪೊಲೀಸರನ್ನು ಬೈದ ಹಾಡುಗಳ ಮೇಲೆ ಮಕ್ಕಳು ಪರೀಕ್ಷೆ ಬರೆಯಬೇಕಾಯಿತು. ಅದೇ ಹಾಡುಗಳನ್ನು ಕೇಳಿ ಬೆಳೆದವರು ಬ್ರೋ ಎಂಸೀಸ್ ಹುಡುಗರು.

ನಗರದ ಬಸ್ತಿಯ ಹಾಡು ಸಾವಿರ ಕಿಲೋಮೀಟರ್ ಆಚೆಯ ಆದಿವಾಸಿ ಹಾಡಿಯಲ್ಲಿ ಬೇರು ಬಿಟ್ಟಿದ್ದು ಹೇಗೆ? ಫ್ಯಾಷನ್ ಎಂದು ತಳ್ಳಿಹಾಕುವ ಮೊದಲು ಅಲ್ಲಿನ ನೆಲದ ಲೆಕ್ಕ ನೋಡಬೇಕು. 1864ರಿಂದ 1870ರವರೆಗೆ ನಡೆದ ಪರಗ್ವೆ ಯುದ್ಧ ಮುಗಿದ ಮೇಲೆ ಗ್ವಾರಾನಿಗಳ ಕಾಡು ‘ಮಾತೆ’ ಎಂಬ ಎಲೆಯ ವ್ಯಾಪಾರ ಮಾಡುವ ಕಂಪನಿಯ ಗುತ್ತಿಗೆಗೆ ಹೋಯಿತು. ಕಾಡಿನ ಒಡೆಯರು ಅದೇ ಕಾಡಿನಲ್ಲಿ ಎಲೆ ಕೀಳುವ ಆಳುಗಳಾದರು. 1915 ಮತ್ತು 1928ರ ನಡುವೆ ಸರ್ಕಾರ ಎಂಟು ಸಣ್ಣ ಮೀಸಲು ತುಂಡುಗಳನ್ನು ಗುರುತಿಸಿ ಜನರನ್ನು ಅದರೊಳಕ್ಕೆ ತುಂಬಿತು. 1917ರಲ್ಲಿ ಗುರುತಿಸಿದ ದೌರಾದೊಸ್ ಮೀಸಲಿಗೆ ಸಿಕ್ಕಿದ್ದು ಸುಮಾರು 3,500 ಹೆಕ್ಟೇರ್. 1943ರಲ್ಲಿ ಹೊರಗಿನ ರೈತರಿಗೆ ಭೂಮಿ ಹಂಚುವ ಸರ್ಕಾರಿ ವಸಾಹತು ಬಂತು, ಎಪ್ಪತ್ತರ ದಶಕದಲ್ಲಿ ಸೋಯಾ ಬಂತು. ಈಗ ಆ ಮೀಸಲಿನಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ನಮ್ಮ ಲೆಕ್ಕದಲ್ಲಿ ತಲೆಗೆ ಇಪ್ಪತ್ತಾರು ಗುಂಟೆಯ ಆಸುಪಾಸು. ಬೇಟೆಗೆ ಕಾಡಿಲ್ಲ, ಬೇಸಾಯಕ್ಕೆ ನೆಲ ಸಾಲದು. ಗಂಡಸರು ಕಬ್ಬು ಕಡಿಯಲು ಕೂಲಿಗೆ ಹೋದರು. ಎಳೆಯರ ಆತ್ಮಹತ್ಯೆಯ ಪ್ರಮಾಣ ದೇಶದ ಸರಾಸರಿಗಿಂತ ಎಷ್ಟೋ ಪಟ್ಟು ಮೇಲೇರಿತು. ಹೆಸರಿಗೆ ಹಾಡಿ, ಬದುಕಿಗೆ ಪಟ್ಟಣದಂಚಿನ ಕೊಳೆಗೇರಿ. ಬಸ್ತಿಗಳ ಯುವಜನರ ಒಕ್ಕೂಟವೊಂದು ದೌರಾದೊಸ್‌ನಲ್ಲಿ ಹಿಪ್‌ಹಾಪ್ ಕಮ್ಮಟ ನಡೆಸಿದಾಗ ಈ ಹುಡುಗರು ಹೊಸದೇನನ್ನೂ ಕಲ್ಪಿಸಿಕೊಳ್ಳಬೇಕಿರಲಿಲ್ಲ. ಪೊಲೀಸು, ಹಸಿವು, ಅವಮಾನ ಮೂರೂ ಅವರಿಗೆ ಗೊತ್ತಿದ್ದವು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಭಾಷೆಯ ಕಸುಬು. ಗ್ವಾರಾನಿಯಲ್ಲಿ ಒತ್ತು ಸಾಮಾನ್ಯವಾಗಿ ಪದದ ಕೊನೆಯ ಅಕ್ಷರದ ಮೇಲೆ ಬೀಳುತ್ತದೆ. ರ‍್ಯಾಪಿನ ಸಾಲು ಬೀಟಿಗೆ ಬಡಿಯುವುದೂ ಬಹುಪಾಲು ಅಲ್ಲೇ. ಸೇರಿದವರೆಲ್ಲ ಸುತ್ತುಗಟ್ಟಿ ಕುಣಿಯುತ್ತ ಒಂದೇ ಮಾತನ್ನು ತಿರುತಿರುಗಿ ಹಾಡುವ ‘ಕೊತಿಹು’ ಕಯೊವಾ ಜನರಲ್ಲಿ ಮೊದಲಿಂದಲೂ ಇದೆ. ಗಂಡಸರು ಸೋರೆ ಬುರುಡೆಯ ಗಿಲಕಿ ಆಡಿಸುತ್ತಾರೆ, ಹೆಂಗಸರು ಬಿದಿರಿನ ಕೊಳವೆಯನ್ನು ನೆಲಕ್ಕೆ ಕುಟ್ಟುತ್ತಾರೆ. ಆ ಲಯ ಕಿವಿಯಲ್ಲಿದ್ದವರಿಗೆ ಡ್ರಮ್ ಮಷೀನು ಪರಕೀಯವೆನಿಸದಿದ್ದರೆ ಆಶ್ಚರ್ಯವಿಲ್ಲ. ಆದರೂ ಹಿರಿಯರಲ್ಲಿ ಕೆಲವರು ಮೊದಮೊದಲು ಅನುಮಾನಪಟ್ಟರು, ಹೊರಗಿನವರದ್ದು ನಮಗ್ಯಾಕೆ ಎಂದು. ಪಟ್ಟಣದವರು ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರು, ಆದಿವಾಸಿಗಳಿಗೆ ರ‍್ಯಾಪ್ ಯಾಕೆ ಎಂದು. ಎರಡನೆಯ ಪ್ರಶ್ನೆಯಲ್ಲಿ ಬರೀ ತಿರಸ್ಕಾರವಿದೆ. ಆದಿವಾಸಿ ಎಂದರೆ ಗರಿ ಮುಡಿದು ನಿನ್ನೆಯಲ್ಲೇ ನಿಂತಿರಬೇಕು ಎಂಬ ಹಟ ಅದು.

(ಇಲ್ಲೊಂದು ಅಡ್ಡಮಾತು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘ಬರ್ತೀನಿ’, ‘ಹೋಗ್ತೀನಿ’, ‘ನೋಡ್ಕೋತೀನಿ’ ಎಂದು ಸಾಲು ಮುಗಿಸಿದರೆ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ನಮ್ಮ ರ‍್ಯಾಪಿನ ಅರ್ಧ ಸೋಮಾರಿತನ ಈ ಪುಕ್ಕಟೆಯಲ್ಲಿದೆ. ಹಳಬರು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರಕ್ಕೆ ಕಟ್ಟಿಹಾಕಿದ್ದರು. ಆ ಕಟ್ಟನ್ನು ಕವಿ ಗೋವಿಂದ ಪೈಗಳು ಬಿಚ್ಚಿದ್ದು ಸರಿಯೇ. ಬೀಟಿನ ಮೇಲೆ ನುಡಿಯುವ ಹುಡುಗರು ಅದನ್ನು ಮತ್ತೊಮ್ಮೆ ಕಟ್ಟಿ ನೋಡಿದರೆ ತಪ್ಪೇನಿಲ್ಲ.)

ಎರಡು ಭಾಷೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಕಲಬೆರಕೆ ಎನ್ನಲಾಗದು. ಪೋರ್ಚುಗೀಸ್ ಸಾಲುಗಳು ಜಮೀನ್ದಾರನಿಗೆ, ಪತ್ರಕರ್ತನಿಗೆ, ರಾಜಧಾನಿ ಬ್ರಸೀಲಿಯಾದ ಸಚಿವಾಲಯಕ್ಕೆ ಕೇಳಿಸುತ್ತವೆ. ಗ್ವಾರಾನಿಗೆ ಬಂದ ಕೂಡಲೇ ಬಾಗಿಲು ಮುಚ್ಚಿ ಮನೆಯವರೊಡನೆ ಮಾತು. ಯಾರಿಗೆ ಎಷ್ಟು ಅರ್ಥವಾಗಬೇಕು ಎಂಬುದನ್ನು ಹಾಡುವವನೇ ತೀರ್ಮಾನಿಸುತ್ತಾನೆ. ಆದಿವಾಸಿಗಳಿಗೆ ಆ ಹಕ್ಕು ಸುಲಭಕ್ಕೆ ಸಿಕ್ಕಿಲ್ಲ. 2012ರಲ್ಲಿ ಇದೇ ರಾಜ್ಯದ 170 ಜನರ ಕಯೊವಾ ಗುಂಪೊಂದು, ತಮ್ಮನ್ನು ನೆಲದಿಂದ ಎಬ್ಬಿಸುವ ಬದಲು ಇಲ್ಲೇ ಸತ್ತು ಹೂತುಹೋಗುವಂತೆ ತೀರ್ಪು ಕೊಡಿ ಎಂಬರ್ಥದ ಪತ್ರ ಬರೆಯಿತು. ಅದನ್ನು ಸಾಮೂಹಿಕ ಆತ್ಮಹತ್ಯೆಯ ಬೆದರಿಕೆ ಎಂದು ಓದಿದ ನಗರಗಳು ಕಂಗಾಲಾದವು. ಎಷ್ಟೋ ಜನ ಬ್ರೆಜಿಲಿಯನ್ನರು ಫೇಸ್‌ಬುಕ್ಕಿನಲ್ಲಿ ತಮ್ಮ ಹೆಸರಿನ ಮುಂದೆ ‘ಗ್ವಾರಾನಿ ಕಯೊವಾ’ ಎಂದು ಸೇರಿಸಿಕೊಂಡರು. ಕಾಳಜಿ ನಿಜವೇ ಇರಬಹುದು, ಪತ್ರ ಹೇಳಿದ್ದು ಮಾತ್ರ ಬೇರೆ. 2014ರ ವಿಶ್ವಕಪ್ ಫುಟ್‌ಬಾಲಿನ ಮೊದಲ ಪಂದ್ಯದಲ್ಲಿ ಪಾರಿವಾಳ ಹಾರಿಸಲು ಕರೆತಂದ ಮೂವರು ಮಕ್ಕಳಲ್ಲಿ ಒಬ್ಬ ಸಾವೊ ಪಾಲೊ ಕಡೆಯ ಗ್ವಾರಾನಿ ಹುಡುಗ. ಅವನು ಚಡ್ಡಿಯೊಳಗೆ ಬಚ್ಚಿಟ್ಟು ತಂದ ಕೆಂಪು ಬಟ್ಟೆಯನ್ನು ಬಿಡಿಸಿ ಹಿಡಿದ. ಆದಿವಾಸಿ ನೆಲದ ಗಡಿ ಗುರುತಿಸಿ ಎಂದು ಅದರಲ್ಲಿ ಬರೆದಿತ್ತು. ಟಿ.ವಿ. ಪ್ರಸಾರದಲ್ಲಿ ಪಾರಿವಾಳ ಕಂಡಿತು, ಬಟ್ಟೆ ಕಾಣಲಿಲ್ಲ. ಆ ಹುಡುಗ ಮುಂದೆ ‘ಕುನುಮಿ ಎಂಸಿ’ ಎಂಬ ಹೆಸರಿನಲ್ಲಿ ರ‍್ಯಾಪ್ ಹಾಡತೊಡಗಿದ. ದೌರಾದೊಸ್ ಕಡೆಯಿಂದಲೇ ‘ಎಂಸಿ ಅನರಾಂದಾ’ ಎಂಬ ಕಯೊವಾ ಹೆಣ್ಣುಮಗಳೂ ಹಾಡುತ್ತಿದ್ದಾಳೆ.

2022ರ ಸೆಪ್ಟೆಂಬರಿನಲ್ಲಿ ಬ್ರೋ ಎಂಸೀಸ್ ‘ರಾಕ್ ಇನ್ ರಿಯೊ’ ವೇದಿಕೆ ಏರಿದರು. ಮುಖಕ್ಕೆ ಬಣ್ಣ, ತಲೆಗೆ ಗರಿ, ಬಾಯಲ್ಲಿ ಗ್ವಾರಾನಿ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಗರಿಗೆ ಎಷ್ಟು, ಸಾಲಿಗೆ ಎಷ್ಟು ಎಂಬ ಅನುಮಾನ ನನಗೆ ಉಳಿದೇ ಇದೆ. ಚಪ್ಪಾಳೆಯಿಂದ ನೆಲದ ಜಗಳವಂತೂ ಮುಗಿಯಲಿಲ್ಲ. ಬ್ರೆಜಿಲಿನ ಈಗಿನ ಸಂವಿಧಾನ ಜಾರಿಗೆ ಬಂದ 1988ರ ಅಕ್ಟೋಬರ್ 5ರಂದು ಆದಿವಾಸಿಗಳ ಸ್ವಾಧೀನದಲ್ಲಿದ್ದ ನೆಲ ಮಾತ್ರ ಅವರದ್ದು ಎಂಬ ವಾದವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ವರ್ಷ ಮುಗಿಯುವುದರೊಳಗೆ ಅಲ್ಲಿನ ಸಂಸತ್ತು ಅದೇ ವಾದವನ್ನು ಕಾನೂನಾಗಿಸಿತು. 1988ಕ್ಕೂ ಮೊದಲೇ ಒಕ್ಕಲೆಬ್ಬಿಸಿ ಓಡಿಸಲ್ಪಟ್ಟವರು ಅಂದು ನೆಲದ ಮೇಲೆ ಇರುವುದಾದರೂ ಹೇಗೆ?

ನಮ್ಮಲ್ಲಿಯೂ ರ‍್ಯಾಪ್ ಹೊಸದಲ್ಲ. ಬೆಂಗಳೂರಿನ ಹುಡುಗರು ಮೊದಲು ಇಂಗ್ಲಿಷಿನಲ್ಲಿ ಹಾಡಿದರು. ಆಮೇಲೆ ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರಿಂದ ಕನ್ನಡದ ರ‍್ಯಾಪ್ ಮನೆಮಾತಾಯಿತು. 2021ರ ‘ಸಲಗ’ ಚಿತ್ರಕ್ಕೆ ಸಿದ್ದಿ ಬುಡಕಟ್ಟಿನ ಕಲಾವಿದರು ಹಾಡಿದ ಹಾಡು ಊರೂರಿನಲ್ಲಿ ಮೊಳಗಿತು. ನಾವು ಅವರ ದನಿಗೆ ಕುಣಿದೆವು. ಅರಣ್ಯ ಹಕ್ಕಿನ ಅರ್ಜಿಯ ಬಗ್ಗೆ ಅವರಿಗೆ ಏನಾದರೂ ಹಾಡುವುದಿದೆಯೇ ಎಂದು ಕೇಳಲಿಲ್ಲ.

ಮುಂದಿನ ಸಂಚಿಕೆಯಿಂದ ರ‍್ಯಾಪ್ ಸಾಲುಗಳನ್ನು ನಮ್ಮ ಕವಿತೆಯ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ. ತುಳು, ಕೊಡವ, ಬ್ಯಾರಿ, ಲಂಬಾಣಿ, ಸಿದ್ದಿಗಳ ಕೊಂಕಣಿ, ಯಾವುದಾದರೂ ಸರಿ. ಕನ್ನಡ ಲಿಪಿಯಲ್ಲಿ ಬರೆದು, ಜೊತೆಗೆ ಫೋನಿನಲ್ಲಿ ಹಾಡಿ ರೆಕಾರ್ಡ್ ಮಾಡಿ ಕಳಿಸಿ. ಕನ್ನಡಾನುವಾದ ಕಡ್ಡಾಯವಲ್ಲ. ಹೊರಗಿನವರಿಗೆ ತಿಳಿಯಲಿ ಎಂದು ನಿಮಗೆ ಅನಿಸಿದ ಸಾಲುಗಳಿಗೆ ಮಾತ್ರ ಅರ್ಥ ಬರೆಯಿರಿ, ಉಳಿದವನ್ನು ಹಾಗೆಯೇ ಅಚ್ಚು ಹಾಕುತ್ತೇವೆ.