ಒಂದು ದಿನದ ಕೂಲಿಗೆ ಒಂದು ಚಾನೆಲ್ಲು

ಕಲ್ಯಾಣ್ ಸ್ಟೇಷನ್ನಿನ ಪಶ್ಚಿಮಕ್ಕೆ ನಮ್ಮ ಕಡೆಯವರ ಒಂದು ಹೋಟೆಲಿದೆ. ರಾತ್ರಿ ಹನ್ನೊಂದೂವರೆಗೆ ಅದರ ಶಟರ್ ಅರ್ಧ ಇಳಿಯುತ್ತದೆ. ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಮಗುಚಿ, ನೆಲ ತೊಳೆದು, ದೋಸೆಹಿಟ್ಟಿನ ಹುಡುಗ ಕೈ ಒರೆಸಿಕೊಳ್ಳುವ ಹೊತ್ತಿಗೆ ಏಳು ಜನ ಒಂದು ಮೊಬೈಲಿನ ಸುತ್ತ ಕೂರುತ್ತಾರೆ. ಮೊಬೈಲನ್ನು ಸ್ಟೀಲ್ ಲೋಟಕ್ಕೆ ಆನಿಸಿ ನಿಲ್ಲಿಸಿರುತ್ತಾರೆ. ಬೈಂದೂರಿನವನೊಬ್ಬ, ಕುಂದಾಪುರದವರಿಬ್ಬರು, ಕಲಬುರಗಿ ಕಡೆಯವನೊಬ್ಬ, ಉಳಿದವರು ಉತ್ತರ ಪ್ರದೇಶದವರು. ಅಂಗೈಯಗಲದ ಪರದೆಯಲ್ಲಿ ಆಟಗಾರರು ಇರುವೆಗಳ ಹಾಗೆ ಹರಿದಾಡುತ್ತಾರೆ, ಚೆಂಡು ಕಾಣುವುದೇ ಇಲ್ಲ. ಗೋಲಾಯಿತೆಂದು ಇವರಿಗೆ ಗೊತ್ತಾಗುವುದು ಸದ್ದಿನಿಂದ. ಆ ತಿಂಗಳ ರೀಚಾರ್ಜ್ ಯಾರು ಮಾಡಿಸಿದ್ದಾನೋ ಅವನು ನಡುವೆ ಕೂರುತ್ತಾನೆ. ಮುಂದಿನ ತಿಂಗಳು ಇನ್ನೊಬ್ಬನ ಪಾಳಿ.

ಅದನ್ನು ಕಂಡು ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 1986ರಲ್ಲಿ ನಾನೂ ಡೊಂಬಿವಲಿಯ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಹುಡುಗ. ಮೆಕ್ಸಿಕೋದಲ್ಲಿ ವಿಶ್ವಕಪ್. ಅಲ್ಲಿ ನಡುಹಗಲು ಹನ್ನೆರಡಕ್ಕೆ ಆಟ ಶುರುವಾದರೆ ಇಲ್ಲಿ ರಾತ್ರಿ ಹನ್ನೊಂದೂವರೆ, ಸರಿಯಾಗಿ ನಮ್ಮ ಕೆಲಸ ಮುಗಿಯುವ ಹೊತ್ತು. ಚಾಳಿನ ಒಬ್ಬರ ಮನೆಯಲ್ಲಿ ಕಪ್ಪುಬಿಳುಪು ಟಿವಿ, ಮಾಡಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ. ಕಿಟಕಿಯ ಹೊರಗೆ ಒಬ್ಬರ ಹೆಗಲ ಮೇಲೊಬ್ಬರು ನಿಂತು ಮರಡೋನಾನನ್ನು ಕಂಡೆವು. ಟಿವಿ ಯಾರದ್ದೋ, ಕಿಟಕಿ ಯಾರದ್ದೋ. ಆದರೆ ಗಾಳಿಯಲ್ಲಿ ತೇಲಿಬಂದ ಆ ಆಟಕ್ಕೆ ದೂರದರ್ಶನ ಯಾರಿಂದಲೂ ತಿಂಗಳ ಬಾಡಿಗೆ ಕೇಳಲಿಲ್ಲ. ಆಮೇಲೆ ಬಣ್ಣ ಬಂತು, ಕೇಬಲ್ ಬಂತು, ಉಪಗ್ರಹ ಬಂತು, ಗೋಡೆಯಗಲದ ಟಿವಿ ಬಂತು. ಹೋಟೆಲ್ ಹುಡುಗ ಮಾತ್ರ ಕಿಟಕಿಯಿಂದ ಅಂಗೈಯಗಲಕ್ಕೆ ಇಳಿದ. ಇದನ್ನು ಪ್ರಗತಿಯೆಂದು ನಾನು ಒಪ್ಪುವುದಿಲ್ಲ.

ಓದಿದವರು ನನಗೆ ಹೇಳುತ್ತಾರೆ: ಫುಟ್‌ಬಾಲ್ ನೋಡಲು ಜಗತ್ತಿನಲ್ಲೇ ಅಗ್ಗದ ದೇಶ ನಮ್ಮದು. ವಾಶಿಯ ಗೋಪುರಗಳಲ್ಲಿ, ಥಾಣೆಯ ಘೋಡಬಂದರ್ ರಸ್ತೆಯ ಫ್ಲಾಟುಗಳಲ್ಲಿ ಈ ಮಾತು ಕೇಳಿ ಕೇಳಿ ಬೇಸತ್ತಿದ್ದೇನೆ. ಲಂಡನ್ನಿನಲ್ಲಿರುವ ಮಗನ ಬಿಲ್ಲನ್ನು ರೂಪಾಯಿಗೆ ತಿರುಗಿಸಿ ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಅವರ ಲೆಕ್ಕ ಸುಳ್ಳಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಒಂದು ಋತುವಿಗೆ 380 ಪಂದ್ಯಗಳು. ಆ ಎಲ್ಲವನ್ನೂ ನೇರ ನೋಡುವುದು ಇಂಗ್ಲೆಂಡಿನವನಿಗೇ ಸಾಧ್ಯವಿಲ್ಲ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಅಲ್ಲಿ ಯಾವ ಫುಟ್‌ಬಾಲ್ ಪಂದ್ಯವನ್ನೂ ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ. ಮೈದಾನಗಳು ಖಾಲಿಯಾದಾವೆಂಬ ಭಯಕ್ಕೆ 1960ರ ದಶಕದಲ್ಲಿ ಬಂದ ಕಟ್ಟಳೆ ಅದು. ಮ್ಯಾಂಚೆಸ್ಟರಿನವನಿಗೆ ಸ್ವಂತ ಊರಿನಲ್ಲಿ ಕಾಣದ ಪಂದ್ಯ ಥಾಣೆಯಲ್ಲಿ ಕಾಣುತ್ತದೆ. ಕಂಡಿದ್ದರ ಮಟ್ಟಿಗೂ ಅವನು ಎರಡೆರಡು ಕಂಪನಿಗಳಿಗೆ ಕಪ್ಪ ಕಟ್ಟಬೇಕು. ಇದೆಲ್ಲ ನಿಜ.

ಆದರೆ ಬೆಲೆಯನ್ನು ಯಾವ ಅಳತೆಗೋಲಿನಲ್ಲಿ ಅಳೆಯುತ್ತೀರಿ ಎಂಬುದೇ ನನ್ನ ಪ್ರಶ್ನೆ. ಪೌಂಡನ್ನು ರೂಪಾಯಿಗೆ ತಿರುಗಿಸುವುದು ಪೇಟೆಯ ಅಳತೆ. ಬೆವರಿನ ಅಳತೆ ಬೇರೆಯಿದೆ. ಎಷ್ಟು ಗಂಟೆ ದುಡಿದರೆ ಒಂದು ತಿಂಗಳ ಆಟ ಎಂದು ಕೇಳಿ.

ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಲ್ಲಿ ವಯಸ್ಕ ಕೆಲಸಗಾರನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಚಾಂಪಿಯನ್ಸ್ ಲೀಗ್ ತೋರಿಸುವ ಟಿಎನ್‌ಟಿ ಸ್ಪೋರ್ಟ್ಸ್‌ಗೆ ಆ ವರ್ಷ ತಿಂಗಳಿಗೆ 30.99 ಪೌಂಡ್. ಎರಡೂವರೆ ಗಂಟೆ ಪಾತ್ರೆ ತೊಳೆದರೆ ಸಂದಾಯ. ಈಗ ನಮ್ಮ ಕಡೆ ಬನ್ನಿ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಪಟ್ಟಿ ಜಾರಿಗೆ ಬಂತು. ಕೇಬಲ್ ಜಾಲದ ಶುಲ್ಕ 130 ರೂಪಾಯಿ. ಅದರ ಮೇಲೆ ಫುಟ್‌ಬಾಲ್ ತೋರಿಸುವ ಸ್ಟಾರ್ ಸ್ಪೋರ್ಟ್ಸ್ ಸೆಲೆಕ್ಟ್ 1ಕ್ಕೆ 19 ರೂಪಾಯಿ. ಎರಡೂ ಸೇರಿದ್ದಕ್ಕೆ 18 ಶೇಕಡಾ ಜಿಎಸ್‌ಟಿ. ಒಟ್ಟು 175 ರೂಪಾಯಿ 82 ಪೈಸೆ. ಅದೇ ವರ್ಷ ಕೇಂದ್ರ ಸರ್ಕಾರ ಹೇಳಿದ ರಾಷ್ಟ್ರಮಟ್ಟದ ತಳಕೂಲಿ ದಿನಕ್ಕೆ 178 ರೂಪಾಯಿ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದಿಡೀ ದಿನದ ದುಡಿಮೆಗೆ ಒಂದು ಚಾನೆಲ್ಲು. ಉಳಿದದ್ದು ಎರಡು ರೂಪಾಯಿ ಚಿಲ್ಲರೆ.

ಥಾಣೆ ಜಿಲ್ಲೆಯಲ್ಲಿ 178ಕ್ಕೆ ಯಾರು ದುಡಿಯುತ್ತಾರೆ ಎಂದು ಕೇಳುವಿರಿ. ಕೇಳಿ. ಕೂಲಿಯನ್ನು ಮೂರುಪಟ್ಟು ಮಾಡಿ, 534 ಎನ್ನಿ. ಆಗಲೂ ಆ ಒಂದು ಚಾನೆಲ್ಲಿಗೆ ಎರಡು ಗಂಟೆ ಮೂವತ್ತೆಂಟು ನಿಮಿಷದ ಕೆಲಸ, ಅಂದರೆ ಲಂಡನ್ನಿನ ಪಾತ್ರೆ ತೊಳೆಯುವವನಿಗಿಂತ ಹೆಚ್ಚೇ. ಮೂರುಪಟ್ಟು ಕೂಲಿ ಕೊಟ್ಟ ಮೇಲೂ ಅಗ್ಗವಾಗದ್ದನ್ನು ಜಗತ್ತಿನಲ್ಲೇ ಅಗ್ಗ ಎನ್ನುವ ನಾಲಿಗೆ ಯಾರದು? ಕೂಲಿ ಮಾಡಿ ಗೊತ್ತಿಲ್ಲದವರದು. ಮತ್ತೆ ಆ ಒಂದು ಚಾನೆಲ್ಲಿನಿಂದ ಮುಗಿಯಿತೆ? 2025–26ರ ಋತುವಿನಲ್ಲಿ ಪ್ರೀಮಿಯರ್ ಲೀಗಿಗೆ ಒಂದು ಕಂಪನಿ, ಚಾಂಪಿಯನ್ಸ್ ಲೀಗಿಗೆ ಇನ್ನೊಂದು, ಸ್ಪೇನಿನ ಲಾ ಲಿಗಾಕ್ಕೆ ಮತ್ತೊಂದು. ಜಿಯೋ ಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಹೊರಟಾಗ ಮೂರು ತಿಂಗಳಿಗೆ 149, 299, 499 ಎಂದು ಮೂರು ದರಗಳನ್ನಿಟ್ಟಿತು. 149ರದ್ದು ಒಂದೇ ಮೊಬೈಲಿಗೆ. ಟಿವಿಯಲ್ಲಿ ನೋಡುವವನು ಇಮ್ಮಡಿ ಕೊಡಬೇಕಿತ್ತು. ಕಲ್ಯಾಣದ ಆ ಲೋಟಕ್ಕೆ ಆನಿಸಿದ ಮೊಬೈಲು ಯಾಕೆ ಮೊಬೈಲಾಗಿಯೇ ಉಳಿಯಿತೆಂಬುದಕ್ಕೆ ಕಾರಣ ಈ ದರಪಟ್ಟಿಯಲ್ಲಿದೆ. ಬಡವನಿಗೆ ಎಷ್ಟಗಲದ ಪರದೆ ಎಂಬುದನ್ನೂ ಅವರೇ ಗೆರೆ ಎಳೆದು ತೀರ್ಮಾನಿಸಿದ್ದಾರೆ.

ಪುಕ್ಕಟೆ ಕೊಟ್ಟ ಕಾಲವೂ ಇತ್ತಲ್ಲ ಎನ್ನುವವರಿದ್ದಾರೆ. ಇತ್ತು. 2018ರಿಂದ ಮೂರು ಋತು ಲಾ ಲಿಗಾ ನಮ್ಮ ಉಪಖಂಡದಲ್ಲಿ ಫೇಸ್‌ಬುಕ್ಕಿನಲ್ಲಿ ಪುಕ್ಕಟೆಯಾಗಿತ್ತು. 2022ರ ಕತಾರ್ ವಿಶ್ವಕಪ್ಪನ್ನು ಜಿಯೋ ಸಿನಿಮಾ ಪುಕ್ಕಟೆ ತೋರಿಸಿತು. ನಮ್ಮ ಹುಡುಗರು ಮೆಸ್ಸಿಯ ಫೈನಲ್ಲನ್ನು ಕಂಡದ್ದು ಅದರಲ್ಲೇ. ಗಾಳ ಹಾಕುವವನು ಮೊದಲು ಎರೆಹುಳ ಕಟ್ಟುತ್ತಾನೆ. ಮೊಗವೀರರ ಕೇರಿಯಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಟ ಹತ್ತಿದ ಮೇಲೆ ದರಪಟ್ಟಿ ಬಂತು. ಅಷ್ಟೂ ಕಾಲ ಡೇಟಾದ ದುಡ್ಡಂತೂ ನಿಂತಿರಲಿಲ್ಲ. ಆ ವಿಶ್ವಕಪ್ಪಿನ ಆ್ಯಪ್ ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ, ಬಂಗಾಳಿಯಲ್ಲಿ ಮಾತಾಡಿತು. ಕನ್ನಡದಲ್ಲಿ ಮಾತಾಡಲಿಲ್ಲ.

ಕನ್ನಡದವರಿಗೂ ಫುಟ್‌ಬಾಲಿಗೂ ಏನು ನಂಟು ಎಂಬ ಸಬೂಬು ಸಿದ್ಧವಾಗಿರುತ್ತದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಫ್ರಾನ್ಸಿನ ಎದುರು ಆಡಿ 2–1ರಿಂದ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಬೆಂಗಳೂರಿನ ಗೌತಮಪುರದ ಕೂಲಿಕಾರರ ಓಣಿಯಲ್ಲಿ ಪೆಲೆಯ ಪ್ರತಿಮೆಯಿದೆ. 54 ವರ್ಷಗಳ ಬರಗಾಲದ ನಂತರ 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಮತ್ತೆ ಆ ಟ್ರೋಫಿ ತಂದಿತು. ಡೊಂಬಿವಲಿಯ ಎಷ್ಟು ಕನ್ನಡಿಗರಿಗೆ ಈ ಸುದ್ದಿ ಗೊತ್ತು? ಕಣ್ಣಿಗೆ ಬೀಳದ ಆಟ ನಾಲಿಗೆಗೂ ಬರುವುದಿಲ್ಲ. ನಾಲಿಗೆಗೆ ಬಾರದ್ದನ್ನು ಮಾರುವವನು ನಿನ್ನ ನುಡಿಯಲ್ಲಿ ಗಿರಾಕಿಯಿಲ್ಲ ಎನ್ನುತ್ತಾನೆ. ಇದು ಅವರೇ ಕಟ್ಟಿದ ಕುಣಿಕೆ.

ನನ್ನ ಸಿಟ್ಟು ಇಂಗ್ಲೆಂಡಿನ ಪ್ರೇಕ್ಷಕನ ಮೇಲಲ್ಲ. ಅವನೂ ಸುಲಿಗೆಗೆ ಸಿಕ್ಕವನೇ. ಪೋರ್ಟ್ಸ್‌ಮತ್ ಊರಿನಲ್ಲಿ ಕ್ಯಾರೆನ್ ಮರ್ಫಿ ಎಂಬ ಹೆಣ್ಣುಮಗಳು ಪಬ್ ನಡೆಸುತ್ತಿದ್ದಳು. ಅವಳ ಕಸುಬು ನಮ್ಮ ಹೋಟೆಲಿನವರದ್ದಕ್ಕಿಂತ ಬೇರೆಯೇನಲ್ಲ, ಗಿರಾಕಿಗೆ ಕುಡಿಯಲು ಕೊಡುವುದು, ಕೂರಲು ಜಾಗ ಕೊಡುವುದು. ಬ್ರಿಟನ್ನಿನ ಚಂದಾ ಕಟ್ಟಲಾರದೆ ಗ್ರೀಸ್ ದೇಶದ ಅಗ್ಗದ ಕಾರ್ಡ್ ತರಿಸಿ ಆಟ ತೋರಿಸಿದಳು. ಒಂದೇ ಆಟ, ಒಂದೇ ಚೆಂಡು, ಗಡಿ ದಾಟಿದರೆ ಬೇರೆ ಬೆಲೆ ಏಕೆ ಎಂಬುದು ಅವಳ ಪ್ರಶ್ನೆ. ಅವಳ ಮೇಲೆ ಮೊಕದ್ದಮೆ ಹೂಡಿ ದಂಡ ಹಾಕಿದರು. ಅವಳು ಬಾಗಲಿಲ್ಲ. 2011ರ ಅಕ್ಟೋಬರ್ 4ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ, ಇನ್ನೊಂದು ಸದಸ್ಯ ದೇಶದ ಕಾರ್ಡನ್ನು ನಿಷೇಧಿಸುವುದು ಒಕ್ಕೂಟದ ಕಾನೂನಿಗೆ ವಿರುದ್ಧ ಎಂದಿತು. ಮರುವರ್ಷ ಅವಳ ಮೇಲಿನ ಶಿಕ್ಷೆ ರದ್ದಾಯಿತು. ಒಬ್ಬ ಪಬ್ಬಿನ ಹೆಂಗಸು ಪ್ರೀಮಿಯರ್ ಲೀಗನ್ನು ಎದುರು ಹಾಕಿಕೊಂಡು ನಿಂತಳು. ಈ ಸಂಗತಿಯನ್ನು ನಾನು ನಮ್ಮ ಹೋಟೆಲ್ ಹುಡುಗರಿಗೆ ಹೇಳಿದಾಗ ಅವರು ಆಟ ಮರೆತು ಅವಳ ಬಗ್ಗೆ ಕೇಳಿದರು.

ಫ್ರಾನ್ಸಿನಲ್ಲಿ ಒಬ್ಬರಲ್ಲ, ಜನವೇ ಬಾಗಲಿಲ್ಲ. 2024ರಲ್ಲಿ ಡಾಜೋನ್ ಕಂಪನಿ ಅಲ್ಲಿನ ಲೀಗಿಗೆ ತಿಂಗಳಿಗೆ 29.99 ಯೂರೋ ಇಟ್ಟಿತು. ಇಷ್ಟು ಕೊಡೆವೆಂದು ಜನ ದೂರ ಉಳಿದರು. ನೆನೆಸಿದಷ್ಟು ಚಂದಾದಾರರು ಬಾರದೆ ಕಂಪನಿ ಒಂದೇ ಋತುವಿಗೆ ಗಂಟು ಕಟ್ಟಿತು. 2025ರ ಆಗಸ್ಟಿನಲ್ಲಿ ಲೀಗೇ ಸ್ವಂತ ಚಾನೆಲ್ ತೆರೆದು 14.99ಕ್ಕೆ ಇಳಿಯಿತು. ಅರ್ಧಕ್ಕರ್ಧ. ಬೆಲೆ ಮಳೆಯ ಹಾಗೆ ಮುಗಿಲಿನಿಂದ ಬೀಳುವುದಿಲ್ಲ. ಯಾರೋ ಕೂತು ಬರೆಯುತ್ತಾರೆ, ಯಾರೋ ನಿಂತು ಅಳಿಸಬಹುದು.

ಈಗ ನಮ್ಮ ಕಾನೂನಿನ ಮಾತು. ಬ್ರಿಟನ್ನಿನ 1996ರ ಪ್ರಸಾರ ಕಾಯ್ದೆಯ ಪ್ರಕಾರ ವಿಶ್ವಕಪ್ಪಿನ ಅಂತಿಮ ಸುತ್ತು ಇಡಿಯಾಗಿ ಎಲ್ಲರಿಗೂ ಪುಕ್ಕಟೆ ಚಾನೆಲ್ಲಿನಲ್ಲಿ ಸಿಗಬೇಕು. ಫಿಫಾ ಇದನ್ನು ಪ್ರಶ್ನಿಸಿ ಐರೋಪ್ಯ ನ್ಯಾಯಾಲಯಕ್ಕೆ ಹೋಗಿ 2013ರಲ್ಲಿ ಸೋತಿತು. ನಮ್ಮಲ್ಲೂ 2007ರಲ್ಲಿ ಕ್ರೀಡಾ ಪ್ರಸಾರ ಸಂಕೇತ ಕಾಯ್ದೆ ಬಂತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಸಂಕೇತವನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು ಎಂಬುದು ಅದರ ತಿರುಳು. ವಿಶ್ವಕಪ್ ಫುಟ್‌ಬಾಲಿನ ಸೆಮಿಫೈನಲ್, ಫೈನಲ್‌ನಂಥ ಮುಖ್ಯ ಪಂದ್ಯಗಳು ಆ ಪಟ್ಟಿಗೆ ಸೇರಿದವು. ಆದರೆ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಓದಿ, ಹಂಚಿಕೊಂಡ ಸಂಕೇತವನ್ನು ದೂರದರ್ಶನ ತನ್ನ ಭೂಕೇಂದ್ರಗಳಿಂದ ಮತ್ತು ತನ್ನದೇ ಫ್ರೀ ಡಿಶ್ಶಿನಿಂದ ಮಾತ್ರ ಬಿತ್ತರಿಸಬೇಕು, ಕೇಬಲ್ಲಿಗೆ ಹರಿಸುವಂತಿಲ್ಲ ಎಂದಿತು. ಆ ಭೂಕೇಂದ್ರಗಳನ್ನು ಸರ್ಕಾರವೇ ಬಹುಪಾಲು ಮುಚ್ಚಿದೆ. ಮೀನಿನ ಮುಳ್ಳಿನ ಆಂಟೆನಾಕ್ಕೆ ಈಗ ಹಿಡಿಯಲು ಏನೂ ಇಲ್ಲ. ಉಳಿದದ್ದು ಫ್ರೀ ಡಿಶ್. ಅದಕ್ಕೆ ತಿಂಗಳ ಬಾಡಿಗೆಯಿಲ್ಲ, ಆದರೆ ತಟ್ಟೆ ಇಡಲು ಮಾಡು ಬೇಕು. ಹೋಟೆಲಿನ ಅಟ್ಟದಲ್ಲಿ, ಅಕ್ಕಿ ಮೂಟೆಗಳ ಪಕ್ಕದಲ್ಲಿ ಮಲಗುವವನಿಗೆ ಮಾಡು ಎಲ್ಲಿಯದು? ಡೊಂಬಿವಲಿಯ ಚಾಳಿನಲ್ಲಿ ಬಾಡಿಗೆಗಿದ್ದ ನಮ್ಮವನೊಬ್ಬ ತಾರಸಿಯ ಮೇಲೆ ತಟ್ಟೆ ನೆಟ್ಟಾಗ ಮನೆಯೊಡೆಯ ಮರುದಿನವೇ ಕೀಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಬಲ್ಲಿಗೆ ದುಡ್ಡು ಕಟ್ಟಿ ದೂರದರ್ಶನ ಹಾಕಿದರೂ ಆ ಪಂದ್ಯದ ಹೊತ್ತಿಗೆ ಅವನಿಗೆ ಬೇರೆ ಏನೋ ಕಾಣುತ್ತದೆ. ಸಾರ್ವಜನಿಕರ ಹಣದ ಚಾನೆಲ್ ಸಾರ್ವಜನಿಕರಿಗೇ ಕುರುಡು.

ಈ ಅನ್ಯಾಯ ನಮ್ಮ ಮನೆಬಾಗಿಲಲ್ಲೇ ಕೂತಿದೆ. 2017ರ ಅಕ್ಟೋಬರ್ 25ರಂದು ನೆರುಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಹದಿನೇಳರೊಳಗಿನವರ ವಿಶ್ವಕಪ್ಪಿನ ಸೆಮಿಫೈನಲ್ ನಡೆಯಿತು. ಸ್ಪೇನ್ ಮಾಲಿಯನ್ನು 3–1ರಿಂದ ಸೋಲಿಸಿತು. 2022ರಲ್ಲಿ ಅಲ್ಲೇ ಹುಡುಗಿಯರ ವಿಶ್ವಕಪ್ಪಿನ ಫೈನಲ್ ಆಯಿತು. ಆ ಕ್ರೀಡಾಂಗಣದ ಸುತ್ತಲಿನ ಬಡಾವಣೆಗಳಲ್ಲಿ ಇಡ್ಲಿ ಬೇಯಿಸುವವರು, ಚಹಾ ಕೊಡುವವರು ಉಡುಪಿ, ಕುಂದಾಪುರದ ಮಕ್ಕಳು. ಅಲ್ಲಿಂದ ಕೆಲವು ಕಿಲೋಮೀಟರ್ ಥಾಣೆ–ಬೇಲಾಪುರ ರಸ್ತೆಯಲ್ಲಿ ಬಂದರೆ ಘನಸೋಲಿ. ಇವತ್ತು ಈ ದೇಶದಲ್ಲಿ ಎಷ್ಟೋ ಆಟಗಳನ್ನು ಮೊಬೈಲಿಗೆ ತುಂಬಿ ಮಾರುವ ರಿಲಯನ್ಸಿನ ದೊಡ್ಡ ಆವರಣ ಅಲ್ಲಿದೆ. ಮೈದಾನ ನಮ್ಮ ಊರಲ್ಲಿ, ಮಾರುವವರು ನಮ್ಮ ಊರಲ್ಲಿ, ಬಡಿಸುವ ಕೈ ನಮ್ಮದು. ನೋಡುವ ಕಣ್ಣಿಗೆ ಮಾತ್ರ ಬೀಗ.

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಆಟದ ಚಿಂತೆ ಯಾಕೆ ಎಂದು ಪ್ರಗತಿಪರ ಗೆಳೆಯರೇ ನನ್ನನ್ನು ಕೇಳಿದ್ದಾರೆ. ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯವರು ಮುಂಬಯಿಯಲ್ಲಿ ಉಚಿತ ರಾತ್ರಿಶಾಲೆ ತೆರೆದಾಗಲೂ ದುಡಿಯುವವನಿಗೆ ಓದು ಯಾಕೆ ಎಂದವರು ಇದ್ದಿರಲೇಬೇಕು. ಹದಿನಾಲ್ಕು ತಾಸು ನಿಂತೇ ಇರುವ ದೇಹಕ್ಕೆ ದಿನದ ಕೊನೆಯ ತೊಂಬತ್ತು ನಿಮಿಷ ಅದರದ್ದೇ ಆಗಿರಬೇಕು. ಆ ತೊಂಬತ್ತು ನಿಮಿಷದಲ್ಲಿ ಅವನು ಮಾಣಿಯಲ್ಲ, ಸಪ್ಲೈಯರ್ ಅಲ್ಲ, ಯಾವ ಧನಿಯ ಆಳೂ ಅಲ್ಲ. ಅದನ್ನು ಅವನಿಂದ ಕೊಳ್ಳುವ ಹಕ್ಕು ಯಾವ ಕಂಪನಿಗೂ ಇಲ್ಲ.

2018ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ 2007ರ ಆ ಪ್ರಸಾರ ಸಂಕೇತ ಕಾಯ್ದೆಗೆ ಒಂದು ತಿದ್ದುಪಡಿ ಮಸೂದೆಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ದೂರದರ್ಶನವನ್ನು ಕಡ್ಡಾಯವಾಗಿ ತೋರಿಸಬೇಕಾದ ಕೇಬಲ್ ಜಾಲಗಳಿಗೂ ಆ ಪಂದ್ಯಗಳು ಹರಿಯಲಿ ಎಂಬುದು ಅದರ ಉದ್ದೇಶ. ಅದು ಕಾಯ್ದೆಯಾಗಲಿಲ್ಲ. ಡೊಂಬಿವಲಿ ಕರ್ನಾಟಕ ಸಂಘದವರೇ, ವಾಶಿಯ ನವಿ ಮುಂಬಯಿ ಕನ್ನಡ ಸಂಘದವರೇ, ಥಾಣೆ ಕಲ್ಯಾಣದ ಬಂಧುಗಳೇ, ಯಕ್ಷಗಾನಕ್ಕೆ ಸಭಾಂಗಣ ತುಂಬಿಸುವ ಶಕ್ತಿ ನಿಮಗಿದೆ. ಅದೇ ಸಭಾಂಗಣಕ್ಕೆ ಥಾಣೆ ಮತ್ತು ಕಲ್ಯಾಣ್ ಕ್ಷೇತ್ರಗಳ ಸಂಸದರನ್ನು ಕರೆಸಿ. ಮುಂದಿನ ಸಾಲಿನಲ್ಲಿ ಹೋಟೆಲ್ ಹುಡುಗರನ್ನು ಕೂರಿಸಿ. ಆ ಮಸೂದೆ ಎಲ್ಲಿ ಹೋಯಿತೆಂದು ಅವರೇ ಎದ್ದು ನಿಂತು ಕೇಳಲಿ.