ಸಸಿ ಕೊಟ್ಟೆಯ ಅಗಲ ವ್ಯಾಸವಲ್ಲ

ಮೇಳಿಗೆ ಕಡೆಯ ಒಂದು ಶಾಲೆಯಲ್ಲಿ ಅಭ್ಯಾಸ ಬೋಧನೆ ವೀಕ್ಷಿಸುತ್ತಿದ್ದೆ. ಎಂಟನೇ ತರಗತಿ, ಸಿಲಿಂಡರಿನ ಘನಫಲ. ಪ್ರಶಿಕ್ಷಣಾರ್ಥಿ ಊರಿಗೆ ಹೊಂದುವ ಉದಾಹರಣೆಯನ್ನೇ ಆರಿಸಿದ್ದರು: ಅಡಿಕೆ ಸಸಿ ಬೆಳೆಸುವ 25 × 15 ಸೆಂ.ಮೀ. ಪಾಲಿಥಿನ್ ಕೊಟ್ಟೆಗೆ ಎಷ್ಟು ಮಣ್ಣು ಬೇಕು? ವ್ಯಾಸ 15, ಎತ್ತರ 25, ಉತ್ತರ ಸುಮಾರು 4.4 ಲೀಟರ್. ಹಿಂದಿನ ಬೆಂಚಿನ ಹುಡುಗನೊಬ್ಬ "ಮಿಸ್, ಮಣ್ಣು ತುಂಬಿದ್ ಮೇಲೆ ಕೊಟ್ಟೆ ಅಷ್ಟು ದಪ್ಪ ಇರಲ್ಲ" ಎಂದ. "ಅದು ಆಮೇಲೆ ನೋಡೋಣ" ಎಂದು ಪಾಠ ಮುಂದಕ್ಕೆ ಹೋಯಿತು. ವೀಕ್ಷಣಾ ಪಟ್ಟಿಯಲ್ಲಿ 'ವಿಷಯ ಪ್ರಭುತ್ವ'ದ ಎದುರು ನಾನೂ ಒಳ್ಳೆಯ ಅಂಕವನ್ನೇ ಬರೆದೆ. ಸೂತ್ರ ಸರಿಯಿತ್ತು, ಗುಣಾಕಾರವೂ ಸರಿಯಿತ್ತು.

ಹುಡುಗ ಹೇಳಿದ್ದೇ ಸರಿ ಎಂಬುದು ನನಗೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ. 15 ಎಂಬುದು ಚಪ್ಪಟೆಯಾಗಿ ಮಲಗಿದ ಕೊಟ್ಟೆಯ ಅಗಲ. ಮಣ್ಣು ತುಂಬಿದಾಗ ಎರಡೂ ಪದರ ಸೇರಿ 30 ಸೆಂ.ಮೀ. ಸುತ್ತಳತೆಯಾಗುತ್ತದೆ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಒಂಬತ್ತೂವರೆ ಸೆಂ.ಮೀ. ಮಾತ್ರ. ತಳ ಮಡಿಚಿಕೊಳ್ಳಲು, ಬಾಯಿಯ ಹತ್ತಿರ ನೀರು ನಿಲ್ಲಲು 5 ಸೆಂ.ಮೀ. ಬಿಟ್ಟರೆ ಮಣ್ಣಿನ ಎತ್ತರ 20. ಅಂದರೆ ಕೊಟ್ಟೆಗೆ ಸುಮಾರು 1.4 ಲೀಟರ್. ಕಪ್ಪುಹಲಗೆಯ ಉತ್ತರ ಇದರ ಮೂರು ಪಟ್ಟು! ಸಾವಿರ ಸಸಿ ಮಾಡುವ ಮನೆಯವರು ಅದನ್ನು ನಂಬಿದರೆ ಮೂರು ಸಾವಿರ ಲೀಟರ್ ಮಣ್ಣು ಸುಮ್ಮನೆ ಹೊರಬೇಕು.

ಮಿಶ್ರಣದ ಲೆಕ್ಕ ಇನ್ನೂ ಚೆನ್ನಾಗಿದೆ. ಅಡಿಕೆ ಸಸಿಗೆ ಶಿಫಾರಸು ಮಾಡುವುದು ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು 7:3:2. ಏಳು, ಮೂರು, ಎರಡು ಬುಟ್ಟಿ ಕಲಸಿದರೆ ಹನ್ನೆರಡು ಬುಟ್ಟಿ ಸಿಗುವುದಿಲ್ಲ. ಮರಳು ಸಂದುಗಳಿಗೆ ಇಳಿಯುತ್ತದೆ, ನೀರು ಬಿದ್ದ ಮೇಲೆ ಮಣ್ಣು ಮತ್ತೂ ಕೂರುತ್ತದೆ. ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತಕರಾರು ಎಲ್ಲಿ ಸಿಗುತ್ತದೆ?

ಪಾಠ ಯೋಜನೆಯಲ್ಲಿ 'ಸ್ಥಳೀಯ ಉದಾಹರಣೆ' ಎಂದು ಬರೆದವರು ಆ ವಸ್ತುವನ್ನೇ ತರಗತಿಗೆ ತರಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಕೊಟ್ಟೆ, ಒಂದು ಲೀಟರಿನ ಅಳತೆ ಪಾತ್ರೆ, ಅರ್ಧ ಬಕೆಟ್ ಮಣ್ಣು, ಇವಕ್ಕೇನೂ ಖರ್ಚಿಲ್ಲ. ಮಕ್ಕಳು ಮೊದಲು ಅಂದಾಜು ಹೇಳಲಿ, ತುಂಬಿ ಅಳೆಯಲಿ, ಸೂತ್ರ ಆಮೇಲೆ ಬರಲಿ. ಹೀಗೆ ಮಾಡಿದರೆ 40 ನಿಮಿಷದಲ್ಲಿ ಮೌಲ್ಯಮಾಪನದ ಹಂತ ಮುಗಿಯುವುದಿಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಿಜ, ಮುಗಿಯುವುದಿಲ್ಲ. ಅದಕ್ಕೆ ಅಂಕ ಕಳೆಯುವುದನ್ನು ನಾವು ನಿಲ್ಲಿಸಬೇಕು. ಜೊತೆಗೆ ವೀಕ್ಷಣಾ ಪಟ್ಟಿಗೆ ಒಂದು ಸಾಲು ಸೇರಿಸಬೇಕು: ಮಕ್ಕಳು ಎತ್ತಿದ ಆಕ್ಷೇಪವನ್ನು ಪರೀಕ್ಷಿಸಿ ನೋಡಿದರೇ?

ಆ ಪ್ರಶಿಕ್ಷಣಾರ್ಥಿಗೆ ಬಸ್ಸಿನ ಲೆಕ್ಕ ತೋರಿಸಿದ್ದೇನೆ. ಮುಂದಿನ ವಾರ ಕೊಟ್ಟೆ ಹಿಡಿದು ಅದೇ ತರಗತಿಗೆ ಹೋಗುತ್ತಾರೆ. ಮಣ್ಣು ತುಂಬುವವನು ಆ ಹುಡುಗನೇ.